ಮಿತ್ಸುಯೊ ಗದ್ದೆಗೆ ಮೀನು ಕರೆದ ವರ್ಷ

ಮಿತ್ಸುಯೊ ಹುಟ್ಟಿದ್ದು ಬಿವಾ ಸರೋವರದ ದಂಡೆಯ ಮೀನುಗಾರರ ಮನೆಯಲ್ಲಿ. ಮದುವೆಯಾಗಿ ಬಂದದ್ದು ನಮ್ಮ ನಾಗಹಾಟಕ್ಕೆ, ಹೊಳೆಯ ಪಕ್ಕದ ಗದ್ದೆಯವರ ಮನೆಗೆ. ಎರಡೂ ಊರಿನ ನಡುವೆ ಸೈಕಲ್ಲಿನಲ್ಲಿ ಹೋಗಿಬರುವಷ್ಟೇ ದೂರ. ನಮ್ಮ ಹೊಳೆ ಸರೋವರ ಸೇರುವುದು ಅವಳ ತವರಿನ ದೋಣಿಕಟ್ಟೆಯ ಮಗ್ಗುಲಲ್ಲೇ. ಮದುವೆಯ ದಿನ ಅವಳ ತಂದೆ ಸೆಂಜಿ ಬೀಗರಿಗೆ, "ಮಗಳನ್ನ ದೂರ ಏನೂ ಕೊಟ್ಟಿಲ್ಲ, ಹೊಳೆ ಮೇಲಕ್ಕೆ ಕಳಿಸಿದೀನಿ ಅಷ್ಟೆ" ಎಂದಿದ್ದನಂತೆ.

ಹೊಳೆ ಮೇಲಿನಿಂದ ಕೆಳಕ್ಕೆ ಏನೇನು ಹೊತ್ತುಕೊಂಡು ಹೋಗುತ್ತದೆ ಎಂಬುದು ಅವಳಿಗೆ ತಿಳಿದದ್ದು ಆಮೇಲೆ, ಇಲ್ಲಿಯ ಮೊದಲನೆಯ ಮೇ ತಿಂಗಳಲ್ಲಿ.

ನಮ್ಮಲ್ಲಿ ಗದ್ದೆಯಿರುವವರೆಲ್ಲ ವಾರವಿಡೀ ಬೇರೆ ಕೆಲಸಕ್ಕೆ ಹೋಗುವವರು. ಮಿತ್ಸುಯೊಳ ಗಂಡ ಕಾತ್ಸುಮಿ ಬಸ್ಸು ಓಡಿಸುತ್ತಿದ್ದ. ಹಾಗಾಗಿ ಮೇ ಮೊದಲ ವಾರದ ಸಾಲುರಜೆಯಲ್ಲೇ ಎಲ್ಲರ ನಾಟಿ. ಅದಕ್ಕೆ ಮುಂಚೆ ಗದ್ದೆಗೆ ಧಾರಾಳವಾಗಿ ನೀರು ಬಿಟ್ಟು, ಗೊಬ್ಬರ ಹಾಕಿ, ಟ್ರ್ಯಾಕ್ಟರಿನಲ್ಲಿ ಕೆಸರು ಕಲಸುತ್ತಾರೆ. ನಾಟಿಯ ಯಂತ್ರಕ್ಕೆ ಅಷ್ಟು ನೀರು ಆಗದು. ಅದರ ಪಕ್ಕಕ್ಕೆ ಚಾಚಿದ ಕಡ್ಡಿ ಕೆಸರಿನ ಮೇಲೆ ಗೆರೆ ಎಳೆಯುತ್ತದೆ, ಮುಂದಿನ ಸಾಲಿಗೆ ಆ ಗೆರೆ ಕಾಣಬೇಕು. ಆದ್ದರಿಂದ ನಾಟಿಯ ಹಿಂದಿನ ದಿನ ತೂಬಿನ ಹಲಗೆ ಎತ್ತಿ ನೀರನ್ನು ಬಸಿಗಾಲುವೆಗೆ ಬಿಡುತ್ತಾರೆ. ಎಲ್ಲರಿಗೂ ಅದೇ ರಜೆ, ಎಲ್ಲರದೂ ಅದೇ ಸಂಜೆ. ಗೊಬ್ಬರ ಕರಗಿದ ಕೆಸರುನೀರು ಹೊಳೆಗಿಳಿದು, ಹೊಳೆ ಮಿಸೊ ಸಾರಿನ ಕಂದು ಬಣ್ಣಕ್ಕೆ ತಿರುಗುತ್ತದೆ.

ಆ ವರ್ಷ ನಾಟಿ ಮುಗಿಸಿ ತವರಿಗೆ ಹೋದ ಮಿತ್ಸುಯೊಳಿಗೆ ತಂದೆ ಬಿದಿರ ಕೋಲಿನ ಮೇಲೆ ಹರವಿದ್ದ ಬಲೆ ತೋರಿಸಿದ. ಕಣ್ಣುಕಣ್ಣಿನಲ್ಲೂ ಕಂದು ಲೋಳೆ ಕಟ್ಟಿತ್ತು.

"ನೋಡು, ನಿನ್ನ ಮಾವನೋರು ಉಡುಗೊರೆ ಕಳಿಸಿದಾರೆ."

"ಮೀನೆಲ್ಲಿ ಅಪ್ಪ?"

"ಈ ನೀರಿಗೆ ಯಾವುದು ಬರತ್ತೆ? ಅವಕ್ಕೂ ಮೂಗಿದೆ ಕಣೆ."

ತಾಯಿ ಬಲೆ ತೊಳೆಯುತ್ತಲೇ, "ಅವರ ಮಾತು ಹಚ್ಕೋಬೇಡ. ಗದ್ದೆಯೋರೂ ಬದುಕಬೇಕಲ್ಲ" ಎಂದಳು. ಮಿತ್ಸುಯೊ ಅಂಗಿಯ ತೋಳು ಮಡಿಸಿ ತಾಯಿಯ ಪಕ್ಕ ಕೂತು ಬಲೆ ತೊಳೆದಳು. ಬೆರಳ ಸಂದಿಯಲ್ಲಿ ಜಾರುತ್ತಿದ್ದ ಮಣ್ಣು ನುಣುಪಾಗಿತ್ತು. ಹಿಂದಿನ ವಾರ ತಾನೇ ಕಾಲಿಟ್ಟು ನಿಂತಿದ್ದ ಮಣ್ಣು ಅದು.

ಅವಳಿಗೆ ಬೇಕಾಗಿದ್ದ ಮೀನು ಬುನಾ. ಸರೋವರದ ಈ ಗೆಂಡೆ ಜಾತಿಯ ಮೀನನ್ನು ಯಾರೂ ಸಾಕುವುದಿಲ್ಲ, ತಾನಾಗಿ ಬರಬೇಕು. ವಸಂತದ ಬೆಚ್ಚನೆಯ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಆಳ ಬಿಟ್ಟು ದಡಕ್ಕೆ ಬರುತ್ತದೆ, ಹೊಳೆ ಏರುತ್ತದೆ. ಹಿಂದೆ ಕಾಲುವೆ ಹಿಡಿದು ಗದ್ದೆಗೇ ಬಂದು ಮೊಟ್ಟೆ ಇಡುತ್ತಿತ್ತು. ಗದ್ದೆಯ ನೀರು ಬೆಚ್ಚಗೆ, ತಿನ್ನಲು ಸಣ್ಣ ಹುಳ ಹೇರಳ, ದೊಡ್ಡ ಮೀನಿನ ಕಾಟವಿಲ್ಲ. ನಮ್ಮ ಅಜ್ಜಿಯರು ನಾಟಿ ಮಾಡುವಾಗ ಕಾಲಿಗೆ ಮೀನಿನ ಬೆನ್ನು ತಾಗುತ್ತಿತ್ತಂತೆ. ಆಮೇಲೆ ಯಂತ್ರಗಳಿಗಾಗಿ ಗದ್ದೆಗಳನ್ನು ಚೌಕ ಮಾಡಿದರು. ಬಸಿಗಾಲುವೆಯನ್ನು ಆಳುದ್ದ ತೋಡಿ ಕಾಂಕ್ರೀಟು ಕಟ್ಟಿದರು. ಮೀನಿಗೆ ಗದ್ದೆ ಅಟ್ಟದ ಮೇಲಿನ ವಸ್ತುವಾಯಿತು.

ಮಿತ್ಸುಯೊ ಪ್ರತಿವರ್ಷ ಬುನಾಗೆ ಉಪ್ಪು ತುಂಬಿ, ಬೇಸಿಗೆಯಲ್ಲಿ ಅನ್ನದ ಜೊತೆ ಮರದ ಪೀಪಾಯಿಯಲ್ಲಿ ಒತ್ತಿ, ಹೊಸವರ್ಷಕ್ಕೆ ತೆರೆಯುವವಳು. ಆ ಹುಳಿವಾಸನೆಗೆ ಮೊದಲು ಮೂಗು ಮುಚ್ಚಿದ್ದ ಕಾತ್ಸುಮಿ ಈಗ ಬಾಲದ ತುಂಡಿಗೂ ಜಗಳಕ್ಕೆ ಬರುತ್ತಿದ್ದ. ಆದರೆ ವರ್ಷದಿಂದ ವರ್ಷಕ್ಕೆ ಪೀಪಾಯಿ ಚಿಕ್ಕದಾಗುತ್ತ ಬಂತು. ತಂದೆಯ ದೋಣಿ ಈಗ ತಮ್ಮನ ಕೈಯಲ್ಲಿತ್ತು. ಒಂದು ಸಲ ತಮ್ಮ ತಂದುಕೊಟ್ಟ ಮೀನು ಪೀಪಾಯಿಯ ತಳವನ್ನೂ ಮುಚ್ಚಲಿಲ್ಲ.

ಅವಳು ಕುಳ್ಳಗಿನ ಹೆಂಗಸು. ದನಿ ಮಾತ್ರ ದೋಣಿಯಿಂದ ದೋಣಿಗೆ ಕೂಗಿ ಬೆಳೆದದ್ದು, ಗದ್ದೆಯ ಆ ತುದಿಯಲ್ಲಿದ್ದವರಿಗೂ ಎದುರು ನಿಂತು ಹೇಳಿದ ಹಾಗಿರುತ್ತಿತ್ತು. ಗಂಡ ಬಸ್ಸಿನಲ್ಲಿರುವಾಗ ಗದ್ದೆಯೆಲ್ಲ ಅವಳದೇ. ಮಾವ ತೀರಿಕೊಂಡ ಮೇಲೆ ಅವಳು ಕೆಸರು ಕಲಸುವ ರೀತಿಯನ್ನೇ ಬದಲಿಸಿದಳು. ಮಣ್ಣುಹೆಂಟೆಗಳ ತಲೆ ಆಮೆಯ ಬೆನ್ನಿನ ಹಾಗೆ ನೀರಿನ ಮೇಲೆ ಕಾಣುವಷ್ಟೇ ನೀರು ಬಿಟ್ಟಳು. ಬದುವಿನ ಏಡಿಬಿಲಗಳನ್ನು ಹುಡುಕಿ ಹುಡುಕಿ ತುಳಿದು ಮುಚ್ಚಿದಳು. ನಾಟಿಯ ದಿನ ಅವಳ ಗದ್ದೆಯಿಂದ ಹೊರಬಿಡಲು ನೀರೇ ಇರಲಿಲ್ಲ.

"ಏನಕ್ಕ, ನಿಮ್ಮನೆಗೆ ಮಾತ್ರ ಬರ ಬಂದಂಗಿದೆ?" ಎಂದು ಶುಗೊ ಟ್ರ್ಯಾಕ್ಟರಿನ ಮೇಲಿಂದ ಕೇಳುತ್ತಿದ್ದ. ಊರಿನ ಅರ್ಧಕ್ಕರ್ಧ ಗದ್ದೆಗೆ ಅವನದೇ ನಾಟಿಯಂತ್ರ. ಒರಟನಲ್ಲ, ಅವಸರದವನು.

"ನಮ್ಮನೆ ಗೊಬ್ಬರ ನಮ್ಮ ಗದ್ದೇಲೇ ಇದೆ ಕಣೋ. ನಿನ್ನದು ಎಲ್ಲೀತನಕ ಹೋಯ್ತು ಅಂತ ನಮ್ಮ ತಮ್ಮನ್ನ ಕೇಳಿ ಹೇಳ್ತೀನಿ ಇರು."

ಸುಗ್ಗಿಯಲ್ಲಿ ಅವಳ ಭತ್ತ ಯಾರದ್ದಕ್ಕೂ ಕಡಿಮೆ ಇರಲಿಲ್ಲ. ಒಂದೆರಡು ವರ್ಷ ನೋಡಿ ಪಕ್ಕದವರೂ ಹಾಗೇ ಮಾಡತೊಡಗಿದರು. ಆಗ ಮಿತ್ಸುಯೊ ಊರಿನ ಸಭೆಯಲ್ಲಿ ಎದ್ದು ನಿಂತಳು. ಪೂರ್ವದ ಬಸಿಗಾಲುವೆಗೆ ಉದ್ದಕ್ಕೂ ಅಡ್ಡಹಲಗೆ ಹಾಕಿ ಮೆಟ್ಟಿಲಿನ ಹಾಗೆ ನೀರು ಏರಿಸೋಣ, ಗದ್ದೆಯ ಮಟ್ಟಕ್ಕೆ ನೀರು ಬಂದರೆ ಬುನಾ ಮತ್ತೆ ಹತ್ತಿಬರುತ್ತದೆ ಎಂದಳು. ಆ ಕಾಲುವೆಯ ಅಕ್ಕಪಕ್ಕದವರು ಯಾರೂ ಕೆಸರುನೀರು ಬಿಡಬಾರದು, ಅದೊಂದೇ ಕಟ್ಟಳೆ.

"ಬರದೇ ಇದ್ರೆ?" ಎಂದ ಶುಗೊ.

"ಬರತ್ತೆ."

"ಬರದೇ ಇದ್ರೆ ಅಂತ ಕೇಳಿದ್ದು. ಕಾಲುವೇಲಿ ಹಲಗೆ ಇದ್ರೆ ಕಸ ತೆಗೆಯೋದು ನಮಗೆ ಎರಡರಷ್ಟು ಕೆಲಸ."

"ಬರದೇ ಇದ್ರೆ ಹಲಗೆ ಕಿತ್ತು ನಿಮ್ಮನೆ ಸ್ನಾನದ ಒಲೆಗೆ ಹಾಕ್ಕೊ. ನಾನೇ ಸೀಳಿ ಕೊಡ್ತೀನಿ."

ಎಲ್ಲರೂ ನಕ್ಕರು. ಹಿರಿಯ ಇವಾಜೊ ತಲೆಯಾಡಿಸಿದ ಮೇಲೆ ಮಾತು ಒಂದು ನೆಲೆಗೆ ಬಂತು. ಈ ಒಂದು ವಸಂತ ನೋಡುವುದು. ನಾಟಿ ಮುಗಿದ ಊಟದ ಹೊತ್ತಿಗೆ ಮೀನು ಬಂದಿರಬೇಕು. ಇಲ್ಲದಿದ್ದರೆ ಹಲಗೆ ತೆಗೆಯುವುದು, ಮತ್ತೆ ಆ ಮಾತು ಎತ್ತುವಂತಿಲ್ಲ.

ಇವಾಜೊ ನೀರಿನ ಮೇಲ್ವಿಚಾರಣೆಯ ಮುದುಕ. ಬೆಳಕು ಹರಿಯುವಾಗ ಸೈಕಲ್ಲಿನಲ್ಲಿ ಊರಿನ ಗದ್ದೆಗಳನ್ನೆಲ್ಲ ಸುತ್ತಿ, ಯಾರದೋ ತೂಬು ಬಿಟ್ಟುಹೋಗಿದ್ದರೆ ಮುಚ್ಚಿ, ಯಾರದೋ ನೀರು ಹೆಚ್ಚಿದ್ದರೆ ಇಳಿಸಿ ಬರುತ್ತಿದ್ದ. ಯಾರೂ ಕೇಳಿಕೊಳ್ಳುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಲೂ ಇರಲಿಲ್ಲ. ನಮ್ಮ ಊರಿನಲ್ಲಿ ಒಬ್ಬರ ತೂಬಿಗೆ ಇನ್ನೊಬ್ಬರು ಕೈಹಾಕುವುದು ಅಧಿಕಪ್ರಸಂಗವಲ್ಲ, ನೆರೆಹೊರೆ.

ಏಪ್ರಿಲ್ ಕೊನೆಗೆ ಹಲಗೆಗಳು ನಿಂತವು. ಎಲ್ಲರೂ ಕಡಿಮೆ ನೀರಿನಲ್ಲೇ ಕೆಸರು ಕಲಸಿದರು. ರಜೆ ಶುರುವಾಗುವ ಮುಂಚೆ ಒಂದು ತಣ್ಣನೆಯ ಜಡಿಮಳೆ ಬಂತು. ಅಂಥ ಮಳೆಗೆ ಬುನಾ ಆಳ ಬಿಟ್ಟು ಏಳುವುದಿಲ್ಲ, ಗದ್ದೆಗಳಲ್ಲಿ ನೀರು ಏರಿದ್ದಷ್ಟೇ ಲಾಭ. ನಾಟಿಯ ದಿನ ಮಧ್ಯಾಹ್ನದ ಮೇಲೆ ದಕ್ಷಿಣದಿಂದ ಬೆಚ್ಚನೆಯ ಮಳೆ ಎಂದು ರೇಡಿಯೊ ಹೇಳಿತು. ಮಿತ್ಸುಯೊ ಕಾಯುತ್ತಿದ್ದದ್ದು ಅದನ್ನೇ. ಅದರಾಚೆಗೆ ಆ ವಾರ ಬರೀ ಬಿಸಿಲು.

ನಾಟಿಯ ಹಿಂದಿನ ಬೆಳಗ್ಗೆ ಅವಳು ಮನೆಯ ಹಿಂದೆ ಸಸಿಯ ತಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದಳು. ಪಕ್ಕದಲ್ಲೇ ಬಸಿಗಾಲುವೆ. ಕಣ್ಣು ಸುಮ್ಮನೆ ಅತ್ತ ಹೋಯಿತು. ನೀರು ಕಂದು.

ಕೈಯ ಝಾರಿ ಅಲ್ಲೇ ಇಟ್ಟು ಕಾಲುವೆಯ ಗುಂಟ ಮೇಲಕ್ಕೆ ನಡೆದಳು. ಅವಳ ಗದ್ದೆಯ ತೂಬು ತೆರೆದಿತ್ತು. ಪಕ್ಕದ್ದೂ ತೆರೆದಿತ್ತು. ಅದರಾಚೆಯ ತೂಬಿನ ಮುಂದೆ ಇವಾಜೊ ಕುಕ್ಕರಗಾಲಲ್ಲಿ ಕೂತು ಹಲಗೆ ಎತ್ತುತ್ತಿದ್ದ.

"ಇವಾಜೊ ಮಾವ, ಏನ್ ಮಾಡ್ತಿದೀರಿ?"

"ಬಾಮ್ಮ. ಮಳೆಗೆ ನೀರು ಏರ್ಬಿಟ್ಟಿತ್ತು ನೋಡು." ಮುದುಕನ ಮುಖದಲ್ಲಿ ಸಮಾಧಾನ. "ನೀನೇ ಅಲ್ವ ಸಭೇಲಿ ಹೇಳಿದ್ದು, ಗದ್ದೇಲಿ ನೀರು ಕಮ್ಮಿ ಇರ್ಬೇಕು ಅಂತ. ನಿಂಗೆ ಸಸಿ ಕೆಲಸ ಇರತ್ತೆ, ಪುರಸೊತ್ತಾಗಿರಲ್ಲ ಅಂತ ನಾನೇ ಇಳಿಸ್ತಾ ಬಂದೆ. ಇನ್ನೊಂದು ನಾಲ್ಕೈದು ಗದ್ದೆ ಇದೆ."

ಮಿತ್ಸುಯೊ ಕಾಲುವೆಯ ಕಡೆ ಕೈತೋರಿಸಿದಳು. ಇವಾಜೊ ನೋಡಿದ. ನೋಡುತ್ತ ನೋಡುತ್ತ ಅವನ ಬೆನ್ನು ಇನ್ನಷ್ಟು ಬಾಗಿತು. ಕೈಯಲ್ಲಿದ್ದ ಹಲಗೆಯನ್ನು ತಟ್ಟನೆ ತೂಬಿಗೆ ಇಳಿಸಿದ.

"ಕೈಗೆ ಅಭ್ಯಾಸ," ಎಂದ. "ಐವತ್ತು ವರ್ಷದ ಕೈ. ತಲೆ ನಿನ್ನ ಮಾತು ಕೇಳಿತ್ತಮ್ಮ, ಕೈ ಕೇಳಲಿಲ್ಲ."

"ಹೋದದ್ದು ಹೋಯ್ತು ಮಾವ. ಇರೋದನ್ನ ಹಿಡಿಯೋಣ. ನೀವು ತೆರೆದಿರೋ ತೂಬೆಲ್ಲ ಮುಚ್ಕೊಂಡು ಬನ್ನಿ. ನಾನು ಬಾಯಿ ಕಟ್ತೀನಿ."

ಬಾಯಿ ಎಂದರೆ ಬಸಿಗಾಲುವೆ ಹೊಳೆಗೆ ಕೂಡುವ ಜಾಗ. ಅವಳು ಅಲ್ಲಿಗೆ ಹೋಗುವಷ್ಟರಲ್ಲಿ ಹೊಳೆಯ ಅಂಚಿನಲ್ಲಿ ಕೆಸರಿನ ಒಂದು ನಾಲಿಗೆ ಇಳಿದಿತ್ತು. ದಡದಲ್ಲಿ ಒಟ್ಟಿದ್ದ ಉಳಿದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸಂದಿಗೆ ಹಳೆಯ ಗೋಣಿ ತುರುಕಿದಳು. ನೀರು ನಿಂತಿತು. ಈಗ ಹೊಳೆಗೆ ಕೆಸರಿಲ್ಲ ನಿಜ, ಆದರೆ ಮೀನಿಗೂ ದಾರಿಯಿಲ್ಲ. ನಾಳಿನ ಮಳೆಯ ಮುಂಚೆ ಕಾಲುವೆ ತಿಳಿಯಾಗಬೇಕು, ಬಾಯಿ ತೆರೆಯಬೇಕು. ಕೆಸರುನೀರು ಹೋಗಬಹುದಾದ ಜಾಗ ಒಂದೇ, ಅದು ಬಂದಲ್ಲಿಗೆ.

ಅವಳು ಶುಗೊನ ಮನೆಗೆ ಹೋದಳು. ಅವನು ನಾಟಿಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ.

"ನಿನ್ನ ಪಂಪ್ ಬೇಕು. ಕಾಲುವೆ ನೀರನ್ನ ವಾಪಸ್ಸು ಗದ್ದೆಗಳಿಗೆ ಎತ್ತಬೇಕು."

ಕತೆಯೆಲ್ಲ ಕೇಳಿ ಶುಗೊ ಮೊದಲು ನಕ್ಕ. "ಇವಾಜೊ ಮಾವನಾ? ಮೀನಿಗೆ ಕಾವಲು ಹಾಕಿದೋರೇ..." ಆಮೇಲೆ ಅವನ ಮುಖ ಗಟ್ಟಿಯಾಯಿತು. "ಆಗಲ್ಲ ಅಕ್ಕ. ನಾಳೆ ಬೆಳಗ್ಗೆ ಆ ಸಾಲಿನ ಗದ್ದೆಗೆಲ್ಲ ನಾನೇ ನಾಟಿ ಮಾಡ್ಬೇಕು. ಗದ್ದೆಗೆ ನೀರು ತುಂಬಿಸ್ಬಿಟ್ರೆ ನಂಗೆ ಗೆರೆ ಕಾಣಲ್ಲ. ಸಾಲು ಸೊಟ್ಟ ಆದ್ರೆ ಸುಗ್ಗೀತನಕ ದಾರೀಲಿ ಹೋಗೋರೆಲ್ಲ ನನ್ನ ಹೆಸರು ಹಿಡಿದು ನಗ್ತಾರೆ."

"ಮೊದಲನೇ ಸಾಲು ನೇರ ಹೋದ್ರೆ ಸಾಕಲ್ವ? ಆಮೇಲೆ ನೆಟ್ಟಿರೋ ಸಸೀನೇ ನೀರಿನ ಮೇಲೆ ಕಾಣತ್ತೆ, ಅದರ ಪಕ್ಕ ಹೋಗೋದು."

"ಆ ಮೊದಲನೇದು ಹೇಗೆ ಹೋಗ್ಲಿ?"

"ನಾವು ಸರೋವರದಲ್ಲಿ ಹೋಗಲ್ವೇನೋ? ಅಲ್ಲಿ ಯಾವ ಗೆರೆ ಇದೆ? ದಡದಲ್ಲಿ ಹತ್ತಿರದ್ದು ಒಂದು, ಅದರ ಹಿಂದೆ ದೂರದ್ದು ಒಂದು ಗುರುತು ಇಟ್ಕೋತೀವಿ. ಹತ್ತಿರದ್ದರ ಹಿಂದೆ ದೂರದ್ದು ಮರೆಯಾಗಿದ್ರೆ ದೋಣಿ ನೇರ ಇದೆ ಅಂತ ಲೆಕ್ಕ. ಬದುವಿನ ಮೇಲೊಂದು ಬಿದಿರು, ಅದರಾಚೆ ಇನ್ನೊಂದು ಬಿದಿರು ನಾನು ನೆಟ್ಟುಕೊಡ್ತೀನಿ. ಎರಡೂ ಒಂದಾಗಿ ಕಾಣೋ ಹಾಗೆ ನಡೆಸ್ಕೊಂಡು ಹೋಗು."

"ಇದು ದೋಣಿ ಅಲ್ಲ ಅಕ್ಕ."

"ದೋಣಿಗಿಂತ ಸುಲಭ. ಗದ್ದೆಗೆ ಅಲೆ ಇಲ್ಲ."

ಶುಗೊ ಎಣ್ಣೆಯ ಬಟ್ಟೆಯಲ್ಲಿ ಕೈ ಒರೆಸುತ್ತ ಯೋಚಿಸಿದ. "ಸೊಟ್ಟ ಆದ್ರೆ?"

"ಮಿತ್ಸುಯೊ ಮಾಡ್ಸಿದ್ದು ಅಂತ ಬೋರ್ಡ್ ಬರೆದು ಹಾಕು."

ಪಂಪ್ ಬಂತು. ಸಂಜೆಯವರೆಗೆ ಅದು ಕಾಲುವೆಯ ಬದಿಯಲ್ಲಿ ಗುಡುಗುಟ್ಟಿತು. ಗದ್ದೆ ಯಾರ್ಯಾರದೋ, ನಾಳೆ ಆಳವಾದ ನೀರಿನಲ್ಲೇ ನಾಟಿ ಎಂದು ಅವರನ್ನೆಲ್ಲ ಒಪ್ಪಿಸಬೇಕಿತ್ತು. ಆ ಕೆಲಸ ತನ್ನದು ಎಂದು ಇವಾಜೊ ಸೈಕಲ್ಲು ಹತ್ತಿದ. ಮನೆಮನೆಯ ಬಾಗಿಲಲ್ಲಿ ಟೋಪಿ ತೆಗೆದು, ತಾನು ಮಾಡಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಅಷ್ಟು ಹಿರಿಯ ತಲೆಬಾಗಿ ನಿಂತಾಗ ಬೇಡವೆನ್ನುವ ಬಾಯಿ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ. ಕಾತ್ಸುಮಿ ಬಸ್ಸು ನಿಲ್ಲಿಸಿ ಮನೆಗೆ ಬಂದವನು ಊಟಕ್ಕೂ ಕೂರದೆ ಪಂಪಿನ ಕೊಳವೆ ಹಿಡಿದ.

"ರೀ, ಅಂಗಿನಾದ್ರೂ ಬದಲಾಯಿಸಿ. ನಾಳೆ ಕೆಸರಂಗೀಲಿ ಬಸ್ಸು ಓಡಿಸ್ತೀರಾ?"

"ನಾಳೆ ರಜೆ. ನಾಟಿ ಅಂತ ನೀನೇ ಬರೆಸಿದ್ದಲ್ವ?"

ನೀರುಗಾಲುವೆಯ ತುದಿಯಿಂದ ಹೊಸ ನೀರು ಬಿಟ್ಟು, ಮತ್ತೆ ಎತ್ತಿ, ಮತ್ತೆ ಬಿಟ್ಟರು. ಮರುದಿನ ಬೆಳಗ್ಗೆ ಮಿತ್ಸುಯೊ ಅಡುಗೆಮನೆಯಿಂದ ಬಿಳಿಯ ಅನ್ನದ ಬಟ್ಟಲೊಂದನ್ನು ತಂದು ಕಾಲುವೆಯೊಳಗೆ ಮುಳುಗಿಸಿ ಹಿಡಿದಳು. ಮೊಣಕೈ ಮುಳುಗಿದರೂ ಬಟ್ಟಲಿನ ಅಂಚು ಬೆಳ್ಳಗೆ ಕಾಣುತ್ತಿತ್ತು. ಬಾಯಿಯ ಗೋಣಿ ಕಿತ್ತು, ಮೇಲಿನ ಹಲಗೆಗಳನ್ನು ಒಂದೊಂದಾಗಿ ತೆಗೆದಳು. ಮೆಟ್ಟಿಲು ಮೆಟ್ಟಿಲಾಗಿ ನೀರು ಹೊಳೆಗೆ ಇಳಿಯತೊಡಗಿತು. ಹೊಳೆಯ ಅಂಚಿನಲ್ಲಿ ನಿನ್ನೆಯ ಕಲೆ ಇನ್ನೂ ತೆಳುವಾಗಿ ಉಳಿದಿತ್ತು. ಅದಕ್ಕೆ ಮಾಡುವಂಥದ್ದೇನೂ ಇರಲಿಲ್ಲ.

ನಾಟಿಗೆ ಜನ ಸೇರಿತ್ತು. ಅರ್ಧ ಕೆಲಸಕ್ಕೆ, ಅರ್ಧ ತಮಾಷೆಗೆ. ಶುಗೊ ಯಂತ್ರ ಏರಿ ಎದುರಿನ ಬಿದಿರುಗಳನ್ನು ಒಂದು ಕಣ್ಣು ಮುಚ್ಚಿ ನೋಡಿದ.

"ಎರಡೂ ಕಣ್ಣು ತೆಗೆಯೋ, ಕೋವಿ ಹೊಡೀತಿಲ್ಲ ನೀನು" ಎಂದು ಆಚೆ ಬದುವಿನಿಂದ ಮಿತ್ಸುಯೊ ಕೂಗಿದಳು. "ನನ್ನ ಕಡೆ ನೋಡ್ಬೇಡ, ಬಿದಿರು ನೋಡು. ಬಲಕ್ಕೆ ಹೋಗ್ತಿದೀಯ. ಹಾಂ, ಹಾಗೇ ಬಾ."

ಮೊದಲ ಸಾಲು ನೇರವಾಗಿ ಬಂತು. ನಡುವೆ ಒಂದು ಕಡೆ ಸ್ವಲ್ಪ ಸೊಂಟ ತಿರುಗಿಸಿತ್ತು, ಅದು ಇಂದಿಗೂ ಮಾತಿನಲ್ಲಿದೆ. ಮಧ್ಯಾಹ್ನ ಎಲ್ಲರೂ ಬದುವಿನ ಮೇಲೆ ಕೂತು ಉಮೆ ಹಣ್ಣಿನ ಉಪ್ಪಿನಕಾಯಿ ಇಟ್ಟ ಅನ್ನದುಂಡೆ ತಿನ್ನುತ್ತಿದ್ದಾಗ ಮೊದಲ ಹನಿ ಬಿತ್ತು. ಬೆಚ್ಚಗಿತ್ತು. ಆಮೇಲೆ ಮಳೆ ಇಳಿಯಿತು, ಗಾಳಿಯಿಲ್ಲದೆ, ನೆಟ್ಟಗೆ. ಉಳಿದ ನಾಟಿಯನ್ನು ನೆನೆದುಕೊಂಡೇ ಮುಗಿಸಿದರು. ಕತ್ತಲಾಗುವ ತನಕ ಮಿತ್ಸುಯೊ ಕೊಡೆ ಹಿಡಿದು ಬಾಯಿಯ ಹತ್ತಿರ ನಿಂತಳು. ಒಂದು ಮೀನೂ ಕಾಣಲಿಲ್ಲ.

ಇವಾಜೊ ಬಂದು ಪಕ್ಕದಲ್ಲಿ ನಿಂತ. "ನಿನ್ನೆ ಹೊಳೆಗೆ ಹೋಯ್ತಲ್ಲ, ಅದರ ವಾಸನೆ ಹಿಡಿದಿರ್ತವೆ ಅಂತೀಯಾ?"

"ಹಿಡಿದಿರ್ಬಹುದು. ಆದ್ರೂ ಬರ್ತವೆ ಮಾವ. ಮೊಟ್ಟೆ ಹೊತ್ತೋರು ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿರ್ತಾರೆ? ನೀವು ಹೋಗಿ, ನೆನೀಬೇಡಿ."

ಮರುದಿನ ಅವಳನ್ನು ಎಬ್ಬಿಸಿದ್ದು ಶುಗೊನ ಫೋನು.

"ಅಕ್ಕ, ನನ್ನ ಗದ್ದೇಲಿ ಏನೋ ಓಡಾಡ್ತಿದೆ. ಈಗ ತಾನೇ ನೆಟ್ಟ ಸಸೀನೆಲ್ಲ ಬೀಳಿಸ್ತಿದೆ."

ಮಳೆ ನಿಂತಿತ್ತು. ಕಾಲುವೆಯ ನೀರು ತೂಬಿನ ಹಲಗೆಯ ಮೇಲಕ್ಕೇ ಏರಿತ್ತು. ಶುಗೊನ ಗದ್ದೆಯ ಮೂಲೆಯಲ್ಲಿ, ಬೆರಳುದ್ದದ ಸಸಿಗಳ ನಡುವೆ, ನೀರು ಗೀರು ಗೀರಾಗಿ ಸೀಳುತ್ತಿತ್ತು. ನೀರು ಸಾಲದೆ ಹೊರಗೆ ಕಾಣುತ್ತಿದ್ದ ಕಪ್ಪು ಬೆನ್ನುಗಳು. ಒಂದು ದೊಡ್ಡದರ ಹಿಂದೆ ಮೂರ್ನಾಲ್ಕು ಚಿಕ್ಕವು ಮೈಗೆ ಮೈ ಉಜ್ಜಿ ಹೊರಳುತ್ತಿದ್ದವು. ಬದುವಿನ ಹುಲ್ಲಿನ ಬುಡದಲ್ಲಿ ಆಗಲೇ ಮೊಟ್ಟೆಗಳು ಅಂಟಿದ್ದವು, ಸಾಬಕ್ಕಿಯನ್ನು ಚೆಲ್ಲಿದ ಹಾಗೆ. ಮಿತ್ಸುಯೊ ಹುಲ್ಲಿನ ಒಂದು ಎಸಳು ಎತ್ತಿ ನೋಡಿ ಮತ್ತೆ ನೀರಿಗೇ ಬಿಟ್ಟಳು.

"ಗದ್ದೆ ನಂದು ಅಂದ್ಮೇಲೆ ಮೀನೂ ನಂದೇ ತಾನೆ?" ಎಂದ ಶುಗೊ.

"ಬಾಡಿಗೆಯೋರು ಕಣೋ. ಮುಟ್ಟಬೇಡ."

"ಬಾಡಿಗೆ ಏನು ಕೊಡ್ತಾರೆ?"

"ಹುಳ ತಿನ್ತಾರೆ. ಗೊಬ್ಬರಾನೂ ಹಾಕ್ತಾರೆ ನೋಡ್ತಿರು."

ವಾರದ ಮೇಲೆ ನಾಟಿ ಮುಗಿದ ಊಟಕ್ಕೆ ಊರೆಲ್ಲ ಸಭಾಮನೆಯಲ್ಲಿ ಸೇರಿತು. ಮಿತ್ಸುಯೊ ಹಿಂದಿನ ವರ್ಷದ ಹುಳಿಬುನಾವನ್ನು ಕಾಗದದಷ್ಟು ತೆಳುವಾಗಿ ಕತ್ತರಿಸಿ ತಂದಿದ್ದಳು. ಹಲಗೆಯ ಮಾತು ಎತ್ತಬೇಕಾದವನು ಶುಗೊ. ಅವನು ಸಾಕೆ ಮದ್ಯದ ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ಹಲಗೆ ತೆಗೆಯೋ ಹಾಗಿಲ್ಲ," ಎಂದ. "ನನ್ನ ಗದ್ದೇಲಿ ಮೊಟ್ಟೆ ಒಡೆದು ಮರಿ ಬಂದಿದೆ. ಈಗ ತೆಗೆದ್ರೆ ಅವು ಹೋಗೋದು ಎಲ್ಲಿಗೆ? ಬೇಸಿಗೆ ಬರ್ಲಿ, ಗದ್ದೆ ಒಣಗಿಸೋವಾಗ ನೋಡೋಣ."

"ಆವಾಗ ತೆಗೀತೀಯಾ?" ಎಂದು ಯಾರೋ ಕೆಣಕಿದರು.

"ಆವಾಗ ಮುಂದಿನ ವರ್ಷಕ್ಕೆ ಬರೋರಿಗೆ ಮೆಟ್ಟಿಲು ಬೇಡ್ವಾ?"

ಇವಾಜೊ ತನ್ನ ಸೈಕಲ್ಲಿನ ಸುತ್ತನ್ನು ಬಿಡಲಿಲ್ಲ. ಪಶ್ಚಿಮದ ಕಾಲುವೆಯವರೂ ಮುಂದಿನ ವಸಂತದಲ್ಲಿ ಕಡಿಮೆ ನೀರಿನಲ್ಲಿ ಕೆಸರು ಕಲಸುವಂತೆ ಮಾಡಿದ್ದು ಅವನೇ. ಪ್ರತಿ ಮನೆಯಲ್ಲೂ ತಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತಿದ್ದನಂತೆ, ಅದಕ್ಕೇ ಯಾರಿಗೂ ಅವನ ಮಾತು ಉಪದೇಶ ಅನ್ನಿಸಲಿಲ್ಲ. ಈಗ ಸಾಲುರಜೆಯಲ್ಲಿ ಸೇತುವೆಯ ಮೇಲೆ ನಿಂತರೆ ಹೊಳೆಯ ತಳದ ಕಲ್ಲು ಕಾಣುತ್ತದೆ. ಮೇಲಿನ ಊರಿನವರು ಕೆಸರುನೀರು ಬಿಟ್ಟ ದಿನ ಕಾಣುವುದಿಲ್ಲ. ಮಿತ್ಸುಯೊ ಈಗ ಅಲ್ಲಿಯ ಸಭೆಗಳಿಗೆ ಹೋಗುತ್ತಾಳೆ.

ಮೀನು ಬಂದ ಆ ವರ್ಷದ ಜೂನ್ ತಿಂಗಳಲ್ಲಿ, ಭತ್ತದ ಬೇರು ಗಟ್ಟಿಯಾಗಲೆಂದು ಗದ್ದೆ ಒಣಗಿಸುವ ದಿನ ಪೂರ್ವದ ಕಾಲುವೆಯವರೆಲ್ಲ ಬದುವಿನ ಮೇಲೆ ಬಂದು ಕೂತಿದ್ದರು. ಒಂದು ತಿಂಗಳಿಂದ ಕದಡದ ನೀರು ಬೆಳ್ಳಗೆ ತಿಳಿಯಾಗಿತ್ತು. ಮಿತ್ಸುಯೊ ತನ್ನ ತೂಬಿನ ಹಲಗೆಯನ್ನು ಸ್ವಲ್ಪವೇ ಎತ್ತಿದಳು. ಭತ್ತದ ಬುಡಗಳ ನಡುವಿನಿಂದ ಮರಿಗಳು ಬಂದವು, ಒಂದೊಂದೂ ಹುಣಿಸೆ ಬೀಜದಷ್ಟು ಅಗಲ, ಗುಂಪುಗುಂಪಾಗಿ, ಬಾಲ ಮುಂದಾಗಿ, ಹರಿವಿಗೆ ಮುಖಕೊಟ್ಟು ಜಾರಿಕೊಂಡು. ತೂಬಿನ ಬಾಯಿಗೆ ಬಂದ ಕೆಲವು ಹಿಂಜರಿದು ಅಲ್ಲೇ ಈಜುತ್ತ ನಿಂತವು. ಮಿತ್ಸುಯೊ ಬಗ್ಗಿ ಅಂಗೈಯಿಂದ ನೀರನ್ನು ಮೆಲ್ಲಗೆ ತಳ್ಳಿದಳು.

"ಹೋಗಿ," ಎಂದಳು. "ಮುಂದೆ ಆಳ ಇದೆ."